ಶೋಕವೂ ಶೈತ್ಯವೂ: ಒಂದು ಚಲಚ್ಚಿತ್ರದ ವಿಚಾರ

ಕರುಣರಸವನ್ನು ಕುರಿತು ನಮ್ಮ ಆಲಂಕಾರಿಕರು ಮಾಡಿರುವ ವಿಚಾರವು ಕಾವ್ಯನಾಟಕಗಳಿಗೆ ಮಾತ್ರ ಸಲ್ಲತಕ್ಕುದೆಂದು ಕೆಲವರು ಭಾವಿಸಿರಬಹುದು. ಚಲಚ್ಚಿತ್ರವೂ ದೃಶ್ಯಕಾವ್ಯದ ವಂಶಕ್ಕೇ ಸೇರಿದುದಾದ ಕಾರಣ, ಆ ಒರೆಗಲ್ಲಿಗೆ ಅದನ್ನೂ ಹಚ್ಚಿ ನೋಡುವುದು ಅನುಚಿತವಾಗಲಾರದು. ಇಲ್ಲಿ ಎತ್ತಿಕೊಂಡಿರುವುದು 2016ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಮ್ಯಾಂಚೆಸ್ಟರ್ ಬೈ ದ ಸೀ’ ಎಂಬ ಚಿತ್ರ. ಇದನ್ನು ಬರೆದು ನಿರ್ದೇಶಿಸಿದ ಕೆನೆತ್ ಲೊನರ್ಗನ್ ಮೊದಲು ನಾಟಕಕಾರನಾಗಿ ಹೆಸರು ಪಡೆದವನು. 2017ರಲ್ಲಿ ಇದರ ಚಿತ್ರಕಥೆಗೂ ನಾಯಕಪಾತ್ರ ವಹಿಸಿದ ಕೇಸಿ ಆಫ್ಲೆಕ್‌ಗೂ ಆಸ್ಕರ್ ಪ್ರಶಸ್ತಿಗಳು ಬಂದುವು. ಪ್ರಶಸ್ತಿಯು ನಮ್ಮ ಚರ್ಚೆಗೆ ಪ್ರಮಾಣವಲ್ಲ, ಚಿತ್ರವನ್ನೇ ನೋಡೋಣ.

ಕಥೆಯು ಸಣ್ಣದು. ಮ್ಯಾಸಚೂಸೆಟ್ಸ್ ಪ್ರಾಂತದ ಕ್ವಿನ್ಸಿ ಎಂಬ ಊರಿನಲ್ಲಿ ಲೀ ಚಾಂಡ್ಲರ್ ಎಂಬವನು ಕೆಲವು ವಸತಿಗೃಹಗಳ ಕೆಲಸದಾಳಾಗಿ, ನಲ್ಲಿ ರಿಪೇರಿ ಮಾಡುತ್ತ, ಹಿಮವನ್ನು ಗೋರಿ ಹಾಕುತ್ತ, ಒಂದೇ ಕೋಣೆಯಲ್ಲಿ ಬಾಳುತ್ತಿರುವನು. ಅಣ್ಣನಾದ ಜೋ ಹೃದ್ರೋಗದಿಂದ ತೀರಿಕೊಳ್ಳಲು, ಇವನು ಕಡಲ ತಡಿಯ ಹುಟ್ಟೂರಿಗೆ ಹೋಗಬೇಕಾಗುವುದು. ಹದಿನಾರು ವರ್ಷದ ಅಣ್ಣನ ಮಗ ಪ್ಯಾಟ್ರಿಕ್ಕನ ಪೋಷಣೆಯ ಭಾರವನ್ನು ಜೋ ತನ್ನ ಮರಣಶಾಸನದಲ್ಲಿ ಇವನಿಗೇ ಒಪ್ಪಿಸಿರುವನು. ಲೀ ಆ ಊರನ್ನು ಬಿಟ್ಟುದಕ್ಕೆ ಕಾರಣವು ನಮಗೆ ಚಿತ್ರದ ನಡುಭಾಗದಲ್ಲಿ ತಿಳಿಯುವುದು. ಒಂದು ರಾತ್ರಿ ಅವನು ಒಲೆಗೂಡಿಗೆ ಸೌದೆ ಹಾಕಿ, ಮುಂದೆ ತಡಿಕೆಯಿಡುವುದನ್ನು ಮರೆತು, ಮದ್ಯ ತರಲು ಅಂಗಡಿಗೆ ಹೋಗಿದ್ದನು. ಹಿಂದಿರುಗುವಷ್ಟರಲ್ಲಿ ಮನೆಯೂ ಅದರೊಳಗಿದ್ದ ಮೂವರು ಮಕ್ಕಳೂ ಬೆಂಕಿಗೆ ಆಹುತಿಯಾಗಿದ್ದರು. ಹೆಂಡತಿ ಬದುಕಿ ಉಳಿದಳು, ದಾಂಪತ್ಯ ಉಳಿಯಲಿಲ್ಲ.

ಈ ಚಿತ್ರದಲ್ಲಿ ಚಳಿಗಾಲವು ಬರಿಯ ಉದ್ದೀಪನವಿಭಾವವಲ್ಲ ಎಂಬುದು ನಮ್ಮ ಅಭಿಪ್ರಾಯ. ಹಿಮವನ್ನು ಶೋಕಕ್ಕೆ ಹಿನ್ನೆಲೆಯಾಗಿ ಹರಡುವುದು ಸುಲಭ. ಎಷ್ಟೋ ಚಿತ್ರಗಳು ಮಾಡಿರುವ ಕೆಲಸವದು. ಇಲ್ಲಿ ಚಳಿಯು ಕಥಾಸಂವಿಧಾನದಲ್ಲಿಯೇ ಕೈಹಾಕುವುದು. ನೆಲವು ಹೆಪ್ಪುಗಟ್ಟಿರುವುದರಿಂದ ಜೋವಿನ ಶವಕ್ಕೆ ಗುಂಡಿ ತೋಡುವಂತಿಲ್ಲ. ವಸಂತ ಬರುವವರೆಗೆ ಶವವನ್ನು ಶೀತಲಗೃಹದಲ್ಲಿ ಇಟ್ಟಿರಬೇಕು. ಸತ್ತವನು ಸತ್ತಾಗಿದೆ, ಆದರೆ ಅವನನ್ನು ಕಳುಹಿಸಿಕೊಡುವ ಕ್ರಿಯೆಗೆ ಋತುವು ಅಡ್ಡ ನಿಂತಿದೆ. ಅಂತ್ಯಕ್ರಿಯೆಯು ಸತ್ತವರಿಗೆಷ್ಟೋ ಬದುಕಿದವರಿಗೂ ಅಷ್ಟೇ ಎಂಬುದನ್ನು ಬಲ್ಲ ನಮಗೆ ಈ ತಡೆಯ ಕ್ರೌರ್ಯವನ್ನು ವಿವರಿಸಬೇಕಾಗಿಲ್ಲ.

ಸಂಸ್ಕೃತದಲ್ಲಿ ‘ಜಡ’ ಎಂಬ ಶಬ್ದವೊಂದುಂಟು. ಕನ್ನಡದಲ್ಲಿ ನಾವು ಅದನ್ನು ಚಲನೆಯಿಲ್ಲದುದು, ಮಂದವಾದುದು ಎಂಬ ಅರ್ಥದಲ್ಲಿಯೇ ಬಳಸುವೆವು. ಅಮರಸಿಂಹನಾದರೋ ಅದನ್ನು ಶೀತಲವಾದುದರ ಪರ್ಯಾಯಗಳಲ್ಲಿ ಒಂದಾಗಿ ಎಣಿಸಿರುವನು. ಭರತನು ‘ಜಡತೆ’ಯನ್ನು ಕರುಣದ ವ್ಯಭಿಚಾರಿಭಾವಗಳ ಸಾಲಿಗೆ ಸೇರಿಸಿರುವನು. ಶೈತ್ಯ, ಸ್ತಬ್ಧತೆ, ಶೋಕ ಈ ಮೂರನ್ನೂ ಒಂದೇ ಮಾತು ಹಿಡಿದಿಟ್ಟಿರುವುದು ಆಕಸ್ಮಿಕವಿರಬಹುದು. ಆದರೆ ಲೀಯ ಮುಖವನ್ನು ನೋಡುತ್ತಿರುವಾಗ ಆ ಮಾತು ಮತ್ತೆ ಮತ್ತೆ ನೆನಪಾಗುವುದು. ಕಣ್ಣೀರು, ಪರಿದೇವನ, ನಿಟ್ಟುಸಿರು ಮೊದಲಾಗಿ ಶಾಸ್ತ್ರದಲ್ಲಿ ಹೇಳಿರುವ ಅನುಭಾವಗಳು ಅವನಲ್ಲಿ ಬಹುಮಟ್ಟಿಗೆ ಕಾಣವು. ಅವನು ಆಸ್ಪತ್ರೆಯಲ್ಲಿ ಕಾಗದಗಳನ್ನು ವಿಚಾರಿಸುವನು. ಹುಡುಗನನ್ನು ಶಾಲೆಗೂ ಗೆಳತಿಯರ ಮನೆಗೂ ವಾಹನದಲ್ಲಿ ಕರೆದೊಯ್ಯುವನು. ದೋಣಿಯ ಯಂತ್ರ ಕೆಟ್ಟಿರುವುದನ್ನು ಚರ್ಚಿಸುವನು.

ಅನುಭಾವವಿಲ್ಲದೆ ರಸವು ಹೇಗೆ ನಿಷ್ಪನ್ನವಾದೀತು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಬರಿಯ ಮೌನವನ್ನು ಗಾಂಭೀರ್ಯವೆಂದು ಭ್ರಮಿಸುವ ಚಿತ್ರಗಳು ಇಂದು ಹೇರಳವಾಗಿರುವುದರಿಂದ ಈ ಎಚ್ಚರಿಕೆ ಅವಶ್ಯ. ಲೊನರ್ಗನ್ ಅನುಭಾವವನ್ನು ತೆಗೆದುಹಾಕಿಲ್ಲ, ಸ್ಥಳಾಂತರಿಸಿರುವನು. ತಂದೆಯ ಸಾವನ್ನು ಹಗುರವಾಗಿ ತೆಗೆದುಕೊಂಡವನಂತೆ ಗೆಳೆಯರೊಡನೆ ಹರಟುತ್ತಿದ್ದ ಪ್ಯಾಟ್ರಿಕ್ ಒಂದು ರಾತ್ರಿ ಶೀತಕದ ಪೆಟ್ಟಿಗೆಯನ್ನು ತೆರೆಯುವನು; ಹೆಪ್ಪುಗಟ್ಟಿದ ಮಾಂಸದ ಪೊಟ್ಟಣಗಳು ಕೆಳಗೆ ಬೀಳುವುವು. ಅವನ್ನು ಮತ್ತೆ ಒಳಗೆ ತುರುಕಲಾರದೆ ಹುಡುಗನು ಉಸಿರುಕಟ್ಟಿ ಒಡೆದುಹೋಗುವನು. ಶೀತಲಗೃಹದಲ್ಲಿರುವ ತಂದೆಯನ್ನು ಯಾರೂ ನೆನಪಿಸಬೇಕಾಗಿಲ್ಲ. ಲೀ ಸಮಾಧಾನದ ಮಾತು ಬಾರದವನು. ಬಾಗಿಲನ್ನು ಒದ್ದು ತೆರೆದು, ಹುಡುಗನು ಮಲಗುವವರೆಗೆ ಹತ್ತಿರ ಕುಳಿತಿರುವನು. ಇಡೀ ಚಿತ್ರದಲ್ಲಿ ನಮಗೆ ಅತ್ಯುತ್ತಮವಾಗಿ ತೋರಿದ ಭಾಗವಿದು.

ಭವಭೂತಿಯು ರಾಮನ ಶೋಕವನ್ನು ಪುಟಪಾಕಕ್ಕೆ ಹೋಲಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಬಾಯಿ ಮುಚ್ಚಿದ ಪಾತ್ರೆಯೊಳಗೆ ಹೊರಗೆ ಕಾಣದ ಕಾವು. ಅದೇ ಮೂರನೆಯ ಅಂಕದಲ್ಲಿ, ತುಂಬಿದ ಕೆರೆಗೆ ಕೋಡಿ ಹರಿಯುವುದೇ ಪರಿಹಾರವಾಗಿರುವಂತೆ ಶೋಕಕ್ಕೆ ಪ್ರಲಾಪವೇ ಪರಿಹಾರ ಎಂಬ ಅಭಿಪ್ರಾಯವನ್ನೂ ಅವನು ತಮಸೆಯ ಬಾಯಿಂದ ಆಡಿಸಿರುವನು. ರಾಮನು ಅತ್ತನು, ಕಡೆಗೆ ಸೀತೆಯೂ ದೊರೆತಳು. ಲೀಯ ಕೆರೆಗೆ ಕೋಡಿಯೇ ಇಲ್ಲ. ಆದುದರಿಂದಲೇ ಅವನು ಮದ್ಯದಂಗಡಿಯಲ್ಲಿ ಕುಳಿತು, ಗುರುತಿಲ್ಲದವರ ಮುಖಕ್ಕೆ ನಿಷ್ಕಾರಣವಾಗಿ ಗುದ್ದುವನು. ಒತ್ತಿನಿಂತ ನೀರು ಏರಿಯನ್ನು ಎಲ್ಲೆಂದರಲ್ಲಿ ಕೊರೆಯುವ ಹಾಗೆ. ಠಾಣೆಯಲ್ಲಿ ಅಧಿಕಾರಿಗಳು ಅವನದು ಅಪರಾಧವಲ್ಲವೆಂದು ಬಿಟ್ಟುಬಿಟ್ಟಾಗ ಅವನಿಗಾಗುವುದು ನೆಮ್ಮದಿಯಲ್ಲ, ದಿಗ್ಭ್ರಮೆ. ಒಡನೆ ಪೋಲೀಸಿನವನ ಪಿಸ್ತೂಲನ್ನು ಕಸಿದು ತನ್ನ ತಲೆಗೆ ಹಿಡಿಯುವನು. ಶಿಕ್ಷೆಯೆಂಬುದೊಂದು ವಿಧಿಯೂ ಅವನಿಗೆ ದೊರೆಯಲಿಲ್ಲ.

ಈ ಸಂಯಮವನ್ನು ಕರ್ತೃವು ಒಂದು ಕಡೆ ತಾನೇ ಮುರಿದಿರುವನೆಂದು ಹೇಳದಿರುವುದು ಪಕ್ಷಪಾತವಾದೀತು. ಬೆಂಕಿಯ ಪ್ರಕರಣದ ಉದ್ದಕ್ಕೂ ಆಲ್ಬಿನೋನಿಯ ಹೆಸರಿನಲ್ಲಿ ಪ್ರಸಿದ್ಧವಾದ ‘ಅಡಾಜಿಯೋ’ ಮೊಳಗುವುದು. (ವಾಸ್ತವವಾಗಿ ಅದು ಜ್ಯಾಜೊಟ್ಟೊ ಎಂಬ ಇಟಲಿಯ ಪಂಡಿತನು 1958ರಲ್ಲಿ ಪ್ರಕಟಿಸಿದ ಕೃತಿ.) ಶೋಕಸೂಚನೆಗೆಂದು ಬಳಸಿ ಬಳಸಿ ಸವೆದ ಆ ಸಂಗೀತವು ಇಲ್ಲಿ ದೃಶ್ಯಕ್ಕಿಂತ ಮುಂದೆ ಓಡಿ, ನಾವು ಏನನ್ನು ಅನುಭವಿಸಬೇಕೆಂದು ಅಪ್ಪಣೆ ಕೊಡುವುದು. ವ್ಯಂಗ್ಯವಾಗಿದ್ದುದು ವಾಚ್ಯವಾಯಿತು. ಸಂಭಾಷಣೆಯ ಗದ್ದಲವನ್ನು ಮುಚ್ಚಿ ಘಟನೆಗೆ ದೂರವನ್ನು ಕಲ್ಪಿಸುವುದಕ್ಕಾಗಿ ಹೀಗೆ ಮಾಡಿದನೆಂದು ಸಮರ್ಥಿಸಬಹುದಾದರೂ ನಮಗದು ಒಪ್ಪಿಗೆಯಾಗಲಿಲ್ಲ.

ಇದಕ್ಕೆ ಪ್ರತಿಯಾಗಿ ಬೀದಿಯಲ್ಲಿ ಲೀಯೂ ಹಿಂದಿನ ಹೆಂಡತಿ ರ‍್ಯಾಂಡಿಯೂ ಸಂಧಿಸುವ ಸನ್ನಿವೇಶವನ್ನು ನೋಡಿರಿ. ಮಿಶೆಲ್ ವಿಲಿಯಮ್ಸ್ ಅಭಿನಯಿಸಿರುವ ರ‍್ಯಾಂಡಿಯು ಈಗ ಬೇರೆಯವನನ್ನು ಮದುವೆಯಾಗಿ ಕೈಗೂಸಿನ ತಾಯಿಯಾಗಿರುವಳು. ಹಿಂದೆ ಆಡಿದ ಕ್ರೂರವಾದ ಮಾತುಗಳಿಗೆ ಕ್ಷಮೆ ಬೇಡುತ್ತ ಅಳುವಳು. ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು ಯಾವ ವಾಕ್ಯವೂ ಪೂರ್ಣವಾಗುವುದಿಲ್ಲ. ಅವಳ ಕ್ಷಮೆಯನ್ನು ಲೀ ನಿರಾಕರಿಸುವನೆಂದಲ್ಲ. ಅದನ್ನು ಇಟ್ಟುಕೊಳ್ಳುವುದಕ್ಕೆ ಅವನೊಳಗೆ ಸ್ಥಳವಿಲ್ಲ. ಕರುಣವು ನಿರಪೇಕ್ಷವಾದುದು, ವಿಪ್ರಲಂಭವು ಸಾಪೇಕ್ಷವಾದುದು ಎಂದು ಭರತನು ಮಾಡಿದ ಭೇದವನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕಾದ ಉಪಾಧ್ಯಾಯರಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ. ಬದುಕಿರುವ ಇಬ್ಬರು ಎದುರೆದುರು ನಿಂತಿರುವರು. ಆದರೂ ಆಶೆಗೆ ಅವಕಾಶವಿಲ್ಲ.

ಕಡೆಗೆ ವಸಂತ ಬಂದು ನೆಲ ಸಡಿಲವಾಗುವುದು, ಜೋವನ್ನು ಮಣ್ಣು ಮಾಡುವರು. ಸಾಮಾನ್ಯ ಕರ್ತೃವಾಗಿದ್ದರೆ ಲೀಯ ಹೃದಯವೂ ಅದರೊಡನೆ ಕರಗುತ್ತಿತ್ತು. ಇಲ್ಲಿ ಕರಗುವುದಿಲ್ಲ. ಆ ಊರಿನಲ್ಲಿ ಬಾಳುವುದು ತನ್ನಿಂದಾಗದೆಂದು ಅವನು ಹುಡುಗನಿಗೆ ನೇರವಾಗಿ ತಿಳಿಸಿ, ಕುಟುಂಬದ ಸ್ನೇಹಿತರು ಅವನನ್ನು ದತ್ತು ತೆಗೆದುಕೊಳ್ಳುವಂತೆ ಏರ್ಪಾಡು ಮಾಡುವನು. ಸ್ಥಾಯಿಭಾವವೆಂಬ ಹೆಸರಿನ ಅರ್ಥವನ್ನು ಇಷ್ಟು ಅಕ್ಷರಶಃ ಪಾಲಿಸಿದ ಕೃತಿಯನ್ನು ನಾವು ಹೆಚ್ಚಾಗಿ ಕಂಡಿಲ್ಲ. ಆದರೂ ಒಂದು ಸಣ್ಣ ವಿವರವುಂಟು. ಬಾಸ್ಟನ್ನಿನಲ್ಲಿ ತಾನು ಹುಡುಕುತ್ತಿರುವ ಮನೆಯಲ್ಲಿ ಇನ್ನೊಂದು ಕೋಣೆ ಇರಬೇಕೆಂದು ಅವನು ಹೇಳುವನು. ಏಕೆಂದು ಪ್ಯಾಟ್ರಿಕ್ ಕೇಳಿದಾಗ, ಅವನು ಎಂದಾದರೂ ನೋಡಲು ಬಂದರೆ ಮಲಗುವುದಕ್ಕೆ ಎಂದು ಉತ್ತರ. ಹುಡುಗನು ಬರುವನೋ ಇಲ್ಲವೋ ಚಿತ್ರವು ಹೇಳುವುದಿಲ್ಲ. ಇಬ್ಬರೂ ದೋಣಿಯ ಹಿಂಭಾಗದಲ್ಲಿ ಬೆನ್ನು ತೋರಿಸಿ ಕುಳಿತು ಗಾಳ ಹಾಕುತ್ತಿರುವರು.