ಗೋಡೆ ಬಿದ್ದ ಮೇಲೆ: ರೋಸಿಯ ನೇಪಲ್ಸ್, ನಮ್ಮ ಮೈಸೂರು

ಇಟಲಿಯ ನಿರ್ದೇಶಕ ಫ್ರಾಂಚೆಸ್ಕೊ ರೋಸಿಯ ‘ಲೆ ಮಾನಿ ಸುಲ್ಲಾ ಚಿತ್ತಾ’ 1963ರ ಕಪ್ಪು-ಬಿಳುಪು ಸಿನಿಮಾ. ಹೆಸರನ್ನು ಕನ್ನಡಕ್ಕೆ ತಂದರೆ ‘ಊರಿನ ಮೇಲೆ ಕೈ’ ಅನ್ನಬಹುದು. ಆ ವರ್ಷದ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಗೆದ್ದ ಈ ಸಿನಿಮಾದಲ್ಲಿ ಪ್ರೇಮಕಥೆ ಇಲ್ಲ, ನಾಯಕಿ ಇಲ್ಲ, ಹೇಳಿಕೊಳ್ಳುವಂಥ ಸಂಸಾರವೂ ಇಲ್ಲ. ಇರುವುದು ನೇಪಲ್ಸ್ ನಗರಸಭೆ, ಅದರ ಸದಸ್ಯರು, ಅವರ ಕಡತಗಳು. ಇಷ್ಟನ್ನೇ ಇಟ್ಟುಕೊಂಡು ರೋಸಿ ಒಂದೂವರೆ ಗಂಟೆಗೂ ಮಿಕ್ಕಿ ನಮ್ಮನ್ನು ಕೂರಿಸುತ್ತಾನೆ. ಮೈಸೂರಿನವರು ಇದನ್ನು ನೋಡುತ್ತ ಲ್ಯಾನ್ಸ್‌ಡೌನ್ ಕಟ್ಟಡವನ್ನೂ ದೇವರಾಜ ಮಾರುಕಟ್ಟೆಯನ್ನೂ ನೆನೆಯದೆ ಇರಲಾರರು. ಆದರೆ ನಾನು ಬರೆಯಹೊರಟಿರುವುದು ಬರೀ ಹೋಲಿಕೆಯನ್ನಲ್ಲ. ಇಂಥ ವಸ್ತುವಿನ ಬಗ್ಗೆ ನಾವು ಕನ್ನಡದಲ್ಲಿ ಏನು ಬರೆಯುತ್ತೇವೆ, ಏನನ್ನು ಬರೆಯದೆ ಬಿಡುತ್ತೇವೆ ಎಂಬುದನ್ನು.

ಮೊದಲು ಸಿನಿಮಾ. ನೊತ್ತೊಲಾ ಒಬ್ಬ ಬಿಲ್ಡರ್, ನಗರಸಭೆಯ ಸದಸ್ಯನೂ ಹೌದು. ಆ ಪಾತ್ರ ಮಾಡಿರುವುದು ಅಮೆರಿಕದ ನಟ ರಾಡ್ ಸ್ಟೈಗರ್. ಶುರುವಿನಲ್ಲೇ ಅವನು ಊರಾಚೆಯ ಬಯಲಿನಲ್ಲಿ ನಿಂತು ಜೊತೆಗಾರರಿಗೆ ಲೆಕ್ಕ ಹೇಳಿಕೊಡುತ್ತಾನೆ. ಹೊಲದ ಬೆಲೆಗೆ ನೆಲ ತೆಗೆದುಕೊಳ್ಳುವುದು, ಊರು ಆ ಕಡೆಗೇ ಬೆಳೆಯುವಂತೆ ನಗರಸಭೆಯಿಂದ ತೀರ್ಮಾನ ಮಾಡಿಸುವುದು, ರಸ್ತೆ-ನೀರು-ಚರಂಡಿಯ ಖರ್ಚನ್ನು ಸಾರ್ವಜನಿಕರ ತಲೆಗೆ ಹಾಕುವುದು. ರಿಂಗ್ ರೋಡಿನ ಪಕ್ಕ ಫ್ಲ್ಯಾಟು ಕೊಂಡಿರುವ ನಮ್ಮಂಥವರಿಗೆ ಈ ಪಾಠವನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಹಳೆ ಊರಿನ ಇಕ್ಕಟ್ಟಾದ ಓಣಿಯಲ್ಲಿ, ನೊತ್ತೊಲಾನ ಕಡೆಯವರು ಕೆಲಸ ಮಾಡುತ್ತಿರುವ ಜಾಗದ ಪಕ್ಕದಲ್ಲೇ, ಒಂದು ಹಳೆ ಕಟ್ಟಡ ಕುಸಿಯುತ್ತದೆ. ಇಬ್ಬರು ಸಾಯುತ್ತಾರೆ. ಒಬ್ಬ ಹುಡುಗ ಕಾಲು ಕಳೆದುಕೊಳ್ಳುತ್ತಾನೆ.

ನಗರಸಭೆಯಲ್ಲಿ ಗಲಾಟೆ, ತನಿಖಾ ಸಮಿತಿ. ಸಮಿತಿ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆಯುತ್ತದೆ. ಹೋದಲ್ಲೆಲ್ಲ ಕಾಗದ ಪತ್ರ ಸರಿಯಾಗಿದೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನು ನಿಯಮದ ಪ್ರಕಾರವೇ ಮಾಡಿದ್ದಾರೆ. ಕಟ್ಟಡ ಮಾತ್ರ ಬಿದ್ದಿದೆ, ಜನ ಮಾತ್ರ ಸತ್ತಿದ್ದಾರೆ. ಕೈ ಕೊಳೆಯಾಗಿದೆ ಎಂಬ ಆರೋಪ ಬಂದಾಗ ಆಡಳಿತ ಪಕ್ಷದವರೆಲ್ಲ ಎದ್ದು ಅಂಗೈ ತೋರಿಸಿ ಕೂಗುವ ದೃಶ್ಯ ತುಂಬ ಪ್ರಸಿದ್ಧ. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಈ ಕಚೇರಿ ಸುತ್ತಾಟ. ರೋಸಿ ಅಲ್ಲಿ ಆತುರಪಡುವುದಿಲ್ಲ. ಗುಮಾಸ್ತರ ಮುಖವನ್ನು ವಿಕಾರ ಮಾಡಿ ತೋರಿಸುವುದಿಲ್ಲ. ವಿರೋಧ ಪಕ್ಷದ ಸದಸ್ಯ ದೆ ವೀತಾ ಆಗಿ ನಟಿಸಿದ ಕಾರ್ಲೊ ಫೆರ್ಮಾರಿಯೆಲ್ಲೊ ನಟನಲ್ಲ, ನೇಪಲ್ಸಿನ ನಿಜವಾದ ಕಮ್ಯುನಿಸ್ಟ್ ರಾಜಕಾರಣಿ. ಸಭೆಯಲ್ಲಿ ಎದ್ದು ನಿಂತು ಮಾತಾಡುವ ಅಭ್ಯಾಸ ಅವನ ಮೈಯಲ್ಲೇ ಇದೆ, ಅದು ಕಾಣುತ್ತದೆ. ಕೊನೆಗೆ ಚುನಾವಣೆ ಬರುತ್ತದೆ, ನೊತ್ತೊಲಾ ಪಕ್ಷ ಬದಲಿಸುತ್ತಾನೆ, ಬೇಕಾದ ಸ್ಥಾನವನ್ನೂ ಗಿಟ್ಟಿಸಿಕೊಳ್ಳುತ್ತಾನೆ. ಹೊಸ ಯೋಜನೆಯ ಭೂಮಿಪೂಜೆಗೆ ಧರ್ಮಗುರುಗಳು ಬಂದು ಆಶೀರ್ವಾದ ಮಾಡುತ್ತಾರೆ.

ಈಗ ಮೈಸೂರು. ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದುಹೋದ ನೆನಪಿಗೆ 1892ರಲ್ಲಿ ಕಟ್ಟಿದ ಉದ್ದನೆಯ ಕಟ್ಟಡ, ಅದರಲ್ಲಿ ಅಂಗಡಿ ಸಾಲು. ಹಳೆ ಪುಸ್ತಕದಂಗಡಿಗಳಿಗೆ ಅದು ಹೆಸರುವಾಸಿ. ಎಂಜಿನಿಯರಿಂಗ್ ಓದಿದ ನಮ್ಮ ತಲೆಮಾರಿನ ಎಷ್ಟೋ ಹುಡುಗರ ಸೆಮಿಸ್ಟರುಗಳು ಅಲ್ಲಿನ ಸೆಕೆಂಡ್ ಹ್ಯಾಂಡ್ ಪುಸ್ತಕಗಳಿಂದ ದಾಟಿದವು. 2012ರ ಆಗಸ್ಟ್‌ನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಸರಿಯಾಗಿ ನಾಲ್ಕು ವರ್ಷದ ಮೇಲೆ, 2016ರ ಆಗಸ್ಟ್‌ನಲ್ಲಿ, ಅಲ್ಲಿಗೆ ಹತ್ತಿರದ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಬಿತ್ತು. ದಸರೆಗೆ ಮುಂಚೆ ಮುಗಿಸಬೇಕೆಂದು ದುರಸ್ತಿ ನಡೆಯುತ್ತಿದ್ದಾಗಲೇ ಬಿತ್ತು. ಆ ದಿನ ಯಾರ ಜೀವವೂ ಹೋಗಲಿಲ್ಲ. ಕೆಡವಿ ಅದೇ ಮಾದರಿಯಲ್ಲಿ ಹೊಸದು ಕಟ್ಟೋಣವೆಂದು ಪಾಲಿಕೆ, ದುರಸ್ತಿ ಮಾಡಿ ಉಳಿಸಬಹುದೆಂದು ಪಾರಂಪರಿಕ ಕಟ್ಟಡಗಳ ತಜ್ಞರು, ಮಳಿಗೆ ಬಿಟ್ಟು ಎಲ್ಲಿಗೆ ಹೋಗುವುದೆಂದು ವ್ಯಾಪಾರಿಗಳು. ಒಂದು ಸಮಿತಿ ಒಂದು ಹೇಳಿತು, ಇನ್ನೊಂದು ಇನ್ನೊಂದು ಹೇಳಿತು. ಹೈಕೋರ್ಟಿನ ಮೆಟ್ಟಿಲೂ ಹತ್ತಿದ್ದಾಯಿತು.

ಈ ಮಾರುಕಟ್ಟೆಯ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹಗಳಿಗೆ ಒಂದು ಅಚ್ಚು ಇದೆ. ಮೊದಲು ಮಲ್ಲಿಗೆಯ ಘಮ. ಆಮೇಲೆ ವೀಳ್ಯದೆಲೆ, ನಂಜನಗೂಡು ರಸಬಾಳೆ, ತಟ್ಟೆಯಲ್ಲಿ ಗೋಪುರವಾಗಿ ನಿಂತ ಕುಂಕುಮ. ನಡುವೆ ಕೈಹಿಡಿದು ಕರೆದುಕೊಂಡು ಹೋದ ಅಜ್ಜಿ, ಚೌಕಾಸಿ. ಕೊನೆಯ ಪ್ಯಾರಾದಲ್ಲಿ ಮಹಾರಾಜರ ದೂರದೃಷ್ಟಿ ಮತ್ತು ‘ಕಾಲದ ಹೊಡೆತಕ್ಕೆ ಸಿಕ್ಕಿ ಕುಸಿಯಿತು’ ಎಂಬ ನಿಟ್ಟುಸಿರು. ನಮ್ಮಂತೆ ಊರು ಬಿಟ್ಟವರು ಬರೆದರಂತೂ ನಿಟ್ಟುಸಿರು ಇನ್ನೂ ಸ್ವಲ್ಪ ಉದ್ದ. ಇವುಗಳಲ್ಲಿ ಚೆನ್ನಾಗಿ ಬರೆದವೂ ಇವೆ, ಘಮ ಸುಳ್ಳೂ ಅಲ್ಲ. ನನ್ನ ತಕರಾರು ಆ ‘ಕುಸಿಯಿತು’ ಎಂಬ ಕ್ರಿಯಾಪದದ ಮೇಲೆ. ಅದಕ್ಕೆ ಮಾಡಿದವರು ಬೇಡ. ಬಿತ್ತು, ಕುಸಿಯಿತು, ಹಾಳಾಯಿತು, ನೆನೆಗುದಿಗೆ ಬಿತ್ತು. ಊರಿನ ಬಗ್ಗೆ ಬರೆಯುವಾಗ ನಾವು ಎಲ್ಲವನ್ನೂ ಹೀಗೆ ತಾನೇ ತಾನಾಗಿ ಆಗುವಂತೆ ಬರೆಯುತ್ತೇವೆ. ಕಾಲ ಯಾವ ಕಚೇರಿಯಲ್ಲೂ ಕೆಲಸ ಮಾಡುವುದಿಲ್ಲ. ಗಾರೆಯ ಗೋಡೆಯ ಮೇಲೆ ಅರಳಿ ಸಸಿ ಚಿಗುರಿದ್ದನ್ನು ಕೀಳದೆ ಬಿಟ್ಟರೆ ಬೇರು ಒಳಗಿಳಿಯುತ್ತದೆ, ಮಳೆನೀರು ಅದರ ಹಿಂದೆಯೇ ಇಳಿಯುತ್ತದೆ. ಸುಣ್ಣದ ಗಾರೆಗೆ ಮೇಲಿಂದ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಗೆ ಬರಲಾರದೆ ಗೋಡೆಯನ್ನೇ ತಿನ್ನುತ್ತದೆ. ಹಳೆ ಕಟ್ಟಡಗಳು ಸಾಮಾನ್ಯವಾಗಿ ಸಾಯುವುದು ಹೀಗೆ. ಸಸಿ ಕೀಳದೆ ಇದ್ದವರಿಗೆ ಒಂದು ಹುದ್ದೆ ಇರುತ್ತದೆ, ಸಿಮೆಂಟು ಮೆತ್ತಿಸಿದವರಿಗೆ ಒಂದು ಬಿಲ್ಲು ಪಾಸಾಗಿರುತ್ತದೆ. ನಮ್ಮ ಪ್ರಬಂಧ ಅಲ್ಲಿಗೆ ಹೋಗುವುದೇ ಇಲ್ಲ.

ಇನ್ನೊಂದು ಮಾತು. ಈ ಬರಹಗಳಲ್ಲಿ 1892 ಇರುತ್ತದೆ, ವೈಸ್‌ರಾಯ್ ಹೆಸರಿರುತ್ತದೆ. ಸತ್ತ ನಾಲ್ವರು ಎಷ್ಟು ಬರಹಗಳಲ್ಲಿದ್ದಾರೆ ಎಂದು ನೀವೇ ಎಣಿಸಿ ನೋಡಿ.

ಪುರಸಭೆಯನ್ನು ಕಥೆಯಾಗಿಸುವುದು ಮೈಸೂರಿಗೆ ಹೊಸದೇನಲ್ಲ. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ‘ಲಾಲಿ ರೋಡ್’ ಕಥೆಯಲ್ಲಿ ಸ್ವಾತಂತ್ರ್ಯ ಬಂದ ಉತ್ಸಾಹಕ್ಕೆ ಮಾಲ್ಗುಡಿಯ ಪುರಸಭೆ ಬ್ರಿಟಿಷ್ ಅಧಿಕಾರಿಯೊಬ್ಬನ ಪ್ರತಿಮೆ ತೆಗೆಸಲು ಹೊರಡುತ್ತದೆ. ತೆಗೆಸುವ ಖರ್ಚು ಕೇಳಿಯೇ ಬೆಚ್ಚುತ್ತದೆ. ಪತ್ರಕರ್ತನೊಬ್ಬ ಅದನ್ನು ಉರುಳಿಸಿ ಮನೆಗೆ ಹೊತ್ತೊಯ್ದ ಮೇಲೆ, ಆ ಅಧಿಕಾರಿ ಒಳ್ಳೆಯವನೇ ಆಗಿದ್ದ ಎಂದು ಗೊತ್ತಾಗಿ ಎಲ್ಲ ತಿರುವುಮುರುವು. ಕಥೆ ಮಜವಾಗಿದೆ, ಗುರಿಯೂ ತಪ್ಪಿಲ್ಲ. ಆದರೆ ನಾರಾಯಣ್ ನಗು ಎಲ್ಲರನ್ನೂ ಕ್ಷಮಿಸಿಬಿಡುತ್ತದೆ. ಅಲ್ಲಿ ಯಾರ ಮೇಲೂ ತಾರಸಿ ಬೀಳುವುದಿಲ್ಲ. ಯಾದವಗಿರಿಯ ಅವರದೇ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದಾಗ ಸುದ್ದಿಯಾಗಿ, ಕೊನೆಗೆ ಅದು ಉಳಿದು 2016ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಮಾರುಕಟ್ಟೆಯ ಗೋಡೆ ಬಿದ್ದದ್ದೂ ಅದೇ ವರ್ಷ. ಒಂದು ಮನೆಯನ್ನು ಉಳಿಸುವುದು ಸುಲಭ, ಅದರಲ್ಲಿ ಬಾಡಿಗೆದಾರರಿಲ್ಲ.

ಕನ್ನಡಕ್ಕೆ ಬಂದರೆ ತೇಜಸ್ವಿಯವರ ‘ಚಿದಂಬರ ರಹಸ್ಯ’ ಇದೆ. ಕೆಸರೂರಿನಷ್ಟು ಚೆನ್ನಾಗಿ ಒಂದು ಸಣ್ಣ ಊರಿನ ಜಾತಿ, ವ್ಯಾಪಾರ, ಪುಢಾರಿತನ ಒಂದಕ್ಕೊಂದು ಹೆಣೆದುಕೊಳ್ಳುವುದನ್ನು ತೋರಿಸಿದವರು ಕಡಿಮೆ. ಆದರೂ ಕೊನೆಗೆ ಊರನ್ನು ಬೆಂಕಿಗೆ ಕೊಟ್ಟು ಕಾದಂಬರಿ ಮುಗಿಯುತ್ತದೆ. ಬೆಂಕಿ ದೊಡ್ಡ ಮುಕ್ತಾಯ. ಪಾಲಿಕೆಯ ಕಥೆಗೆ ಅಂಥ ಮುಕ್ತಾಯ ಸಿಗುವುದಿಲ್ಲ. ಅದಕ್ಕೆ ಮುಂದಿನ ಸಭೆಯ ದಿನಾಂಕ ಸಿಗುತ್ತದೆ.

ರೋಸಿಯ ಸಿನಿಮಾ ನಮಗೆ ಪೂರ್ತಿ ಸಾಲದು ಎಂದು ನನಗನ್ನಿಸುವುದೂ ಇಲ್ಲಿಯೇ. ಅವನ ನೇಪಲ್ಸ್‌ನಲ್ಲಿ ಕೊಲ್ಲುವುದು ಆತುರ. ತಿಂಗಳುಗಟ್ಟಲೆ ಹಿಡಿಯಬೇಕಾದ ಅನುಮತಿ ಕೆಲವೇ ದಿನಗಳಲ್ಲಿ ಸಿಗುತ್ತದೆ, ಕ್ರೇನು ನಿಲ್ಲುವುದಿಲ್ಲ, ದುರಾಸೆಗೆ ಒಂದು ಮುಖವಿದೆ, ಆ ಮುಖಕ್ಕೆ ಸ್ಟೈಗರ್ ಇದ್ದಾನೆ. ಮೈಸೂರಿನ ಹೃದಯಭಾಗದಲ್ಲಿ ನಡೆದದ್ದು ತದ್ವಿರುದ್ಧ. ಇಲ್ಲಿ ಕೊಲ್ಲುವುದು ಮುಂದೂಡಿಕೆ. ಅದಕ್ಕೆ ಒಬ್ಬ ಖಳನಾಯಕನನ್ನು ಹುಡುಕಿ ಕೊಡಿ ನೋಡೋಣ. ಈ ವರ್ಷಗಳಲ್ಲೆಲ್ಲ ಪಾಲಿಕೆಯ ಮೇಯರ್ ಅವಧಿ ಒಂದೇ ವರ್ಷ, ಅದೂ ಮೀಸಲಾತಿಯ ಸರದಿಯಂತೆ. ಮೇಯರನ್ನು ಆರಿಸುವಾಗ ಶಾಸಕರು, ಸಂಸದರೂ ಮತ ಹಾಕುತ್ತಾರೆ. ಆಯುಕ್ತರನ್ನು ನೇಮಿಸುವುದೂ ಎತ್ತಂಗಡಿ ಮಾಡುವುದೂ ಬೆಂಗಳೂರು. ಮೇಯರ್ ಆದವರು ಕಡತ ಓದಿ ಅರ್ಥಮಾಡಿಕೊಳ್ಳುವ ಹೊತ್ತಿಗೆ ದಸರೆ ಬರುತ್ತದೆ. ಜಂಬೂಸವಾರಿ ಹೋಗುವುದು ಇದೇ ಸಯ್ಯಾಜಿರಾವ್ ರಸ್ತೆಯಲ್ಲಿ. ಹಾಗಾಗಿ ದಸರೆಗೆ ಮುಂಚೆ ಬಣ್ಣ, ತೇಪೆ, ದೀಪ. ದಸರೆ ಮುಗಿದ ಮೇಲೆ ದಣಿವು. ಅಷ್ಟರಲ್ಲಿ ಮುಂದಿನ ಮೇಯರ್ ಯಾರೆಂಬ ಲೆಕ್ಕಾಚಾರ, ರೆಸಾರ್ಟು. ನಗರಾಡಳಿತಕ್ಕೆ ಬಲ ಕೊಡಬೇಕಿದ್ದ ಸಂವಿಧಾನದ 74ನೇ ತಿದ್ದುಪಡಿ 1992ರದು. 65 ವಾರ್ಡುಗಳ ಮೈಸೂರಿನ ಕೌನ್ಸಿಲ್ ಅವಧಿ 2023ರ ನವೆಂಬರ್‌ನಲ್ಲಿ ಮುಗಿದಾಗ ಹೊಸ ಚುನಾವಣೆ ಆಗಿರಲಿಲ್ಲ, ಆಡಳಿತಾಧಿಕಾರಿ ಬಂದರು. ಅಂಗೈ ತೋರಿಸುವುದಕ್ಕಾದರೂ ಸಭೆಯಲ್ಲಿ ಸದಸ್ಯರು ಬೇಕಲ್ಲ!

ನನ್ನ ಕಸುಬಿನಲ್ಲಿ ಪ್ರತಿ ವಾರ ಪ್ರಾಜೆಕ್ಟಿನ ಸ್ಥಿತಿಗೆ ಒಂದು ಬಣ್ಣ ಹಚ್ಚುತ್ತೇವೆ. ಹಸಿರು, ಹಳದಿ, ಕೆಂಪು. ಕೆಂಪನ್ನು ಕಂಡರೆ ಎಲ್ಲರೂ ಓಡಿಬರುತ್ತಾರೆ, ಹಾಗಾಗಿ ಅದು ಅಷ್ಟು ಅಪಾಯಕಾರಿಯಲ್ಲ. ಅಪಾಯವಿರುವುದು ವರ್ಷಗಟ್ಟಲೆ ಹಳದಿಯಾಗಿಯೇ ಉಳಿದದ್ದರಲ್ಲಿ. ಅಂಥ ಪ್ರಾಜೆಕ್ಟಿನ ರಿಸ್ಕ್ ಪಟ್ಟಿ ತೆಗೆದು ನೋಡಿದರೆ ಎಲ್ಲವೂ ಬರೆದಿರುತ್ತದೆ, ‘ಜವಾಬ್ದಾರಿ ಯಾರದು’ ಎಂಬ ಕಾಲಂ ಒಂದು ಬಿಟ್ಟು. ಡಿಪಿಆರ್ ಆಗುತ್ತದೆ, ಅಂದಾಜು ಪಟ್ಟಿ ಆಗುತ್ತದೆ, ಅಂದಾಜು ಹಳೆಯದಾಯಿತೆಂದು ಮತ್ತೊಂದು ಆಗುತ್ತದೆ. ಇದನ್ನು ಕಥೆಯಾಗಿ ಹೇಳುವುದು ಕಷ್ಟ, ಒಪ್ಪುತ್ತೇನೆ. ಏನೂ ಆಗದಿರುವುದನ್ನು ಓದುಗರು ಎಷ್ಟು ಪುಟ ಓದಿಯಾರು? ಆದರೆ ಯಶವಂತ ಚಿತ್ತಾಲರು ‘ಶಿಕಾರಿ’ಯಲ್ಲಿ ಮುಂಬಯಿಯ ಒಂದು ಕಂಪನಿಯ ಒಳಗಿನ ವಿಚಾರಣೆಯನ್ನು, ಕಾಗದಪತ್ರದ ಭಯವನ್ನು ಇಟ್ಟುಕೊಂಡೇ ನಮ್ಮ ನಿದ್ದೆ ಕೆಡಿಸಲಿಲ್ಲವೇ? ಕಚೇರಿಯ ಒಳಗನ್ನು ಬರೆಯಲು ಕನ್ನಡಕ್ಕೆ ಬರುತ್ತದೆ. ಸರ್ಕಾರಿ ಕಚೇರಿ ಎಂದ ಕೂಡಲೇ ಮಾತ್ರ ನಮಗೆ ಲಂಚದ ಜೋಕು ಬಿಟ್ಟು ಬೇರೆ ದಾರಿ ಕಾಣುವುದಿಲ್ಲ.

ರೋಸಿ ಎಡವಿದ ಇನ್ನೊಂದು ಜಾಗವಿದೆ. ಓಣಿಯ ಜನರನ್ನು ಪೊಲೀಸರು ಮನೆ ಖಾಲಿ ಮಾಡಿಸುವ ದೃಶ್ಯದಲ್ಲಿ ಅವನಿಗೆ ಗುಂಪು ಕಾಣುತ್ತದೆ, ಕೂಗು ಕೇಳುತ್ತದೆ, ಒಬ್ಬ ಮನುಷ್ಯ ಕಾಣುವುದಿಲ್ಲ. ಕಾಲು ಹೋದ ಹುಡುಗ ಬೇಗ ಕಥೆಯಿಂದ ಆಚೆ ಹೋಗುತ್ತಾನೆ. ದೇವರಾಜ ಮಾರುಕಟ್ಟೆಯ ಕಥೆ ಬರೆಯುವವರು ಇಲ್ಲಿ ಅವನನ್ನು ಅನುಸರಿಸಬಾರದು. ಎಲೆ ಅಂಗಡಿಯವರು, ಹೂವಿನವರು ಬರೀ ಘಮದ ಮೂಲಗಳಲ್ಲ. ಸರ್ಕಾರಿ ಮಳಿಗೆಯ ಬಾಡಿಗೆ ಹೊರಗಿನ ಬಾಡಿಗೆಗಿಂತ ಎಷ್ಟೋ ಕಮ್ಮಿ, ಅದನ್ನು ಒಳಬಾಡಿಗೆಗೆ ಕೊಟ್ಟು ಬದುಕುವುದು ಯಾವ ಊರಿನ ಮಾರುಕಟ್ಟೆಗೂ ಹೊಸದಲ್ಲ. ಅವರು ಪೂರ್ತಿ ಮುಗ್ಧರೇನೂ ಅಲ್ಲ. ಆದರೆ ‘ತಾತ್ಕಾಲಿಕವಾಗಿ’ ಜಾಗ ಖಾಲಿ ಮಾಡಿ ಎಂದಾಗ ಅವರು ಹೆದರುವುದೂ ಸುಮ್ಮನೆ ಅಲ್ಲ. ನಾಲ್ಕು ವರ್ಷದಲ್ಲಿ ಲ್ಯಾನ್ಸ್‌ಡೌನ್ ಏನಾಯಿತೆಂದು ಪಕ್ಕದಲ್ಲೇ ನಿಂತು ನೋಡಿದವರು ಅವರು.

ಕೆಡವಬೇಕೋ ಉಳಿಸಬೇಕೋ ಎಂಬ ವಾದದಲ್ಲಿ ನಾನು ಉಳಿಸುವವರ ಕಡೆ. ಪುಣೆಯ ಮಂಡಯಿ 1886ರದು, ಗವರ್ನರ್ ರೇ ಹೆಸರಿನಲ್ಲಿ ಶುರುವಾಗಿ ಈಗ ಮಹಾತ್ಮಾ ಫುಲೆ ಹೆಸರಿನಲ್ಲಿದೆ, ಇಂದಿಗೂ ಅಲ್ಲಿ ತರಕಾರಿ ತೂಗುತ್ತಾರೆ. ಅದು ಕಲ್ಲಿನ ಕಟ್ಟಡ, ಹೋಲಿಕೆ ಪೂರ್ತಿ ನಿಲ್ಲುವುದಿಲ್ಲ, ಇರಲಿ. ಆದರೆ ನನ್ನ ಪಕ್ಷಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ. ಮಾರುಕಟ್ಟೆ ನಿಜಕ್ಕೂ ಅಪಾಯದಲ್ಲಿದ್ದರೆ, ಕೆಡವಬೇಕೆನ್ನುವವರು 2016ರ ನಂತರವೂ ಅದರ ಉಳಿದ ಭಾಗದಲ್ಲಿ ಸಾವಿರಾರು ಜನ ದಿನವೂ ಓಡಾಡಲು ಹೇಗೆ ಬಿಟ್ಟರು? ಅಪಾಯದಲ್ಲಿಲ್ಲದಿದ್ದರೆ ಕೆಡವುವುದೇಕೆ? ಉಳಿಸಬೇಕೆನ್ನುವ ನಾವೂ ಇದಕ್ಕೆ ಉತ್ತರ ಕೊಡಬೇಕು. ಬಿದ್ದ ಭಾಗವನ್ನು ಮೊದಲು ಎತ್ತಿ ನಿಲ್ಲಿಸಿ ಎಂದು ಒಂದೇ ಬೇಡಿಕೆಗೆ ಅಂಟಿಕೊಳ್ಳುವ ಬದಲು ಪರಂಪರೆಯ ಮೇಲೆ ಭಾಷಣ ಬರೆದದ್ದೇ ಹೆಚ್ಚು.

ರೋಸಿಯ ಸಿನಿಮಾ ಸಬ್‌ಟೈಟಲ್ ಜೊತೆ ಸಿಗುತ್ತದೆ. ನೋಡುವಾಗ ಸಮಿತಿ ಕಚೇರಿಗಳನ್ನು ಸುತ್ತುವ ಭಾಗವನ್ನು ಎರಡು ಸಲ ನೋಡಿ. ಆಮೇಲೆ 2012ರ ಆಗಸ್ಟ್‌ನಿಂದ 2016ರ ಆಗಸ್ಟ್‌ವರೆಗಿನ ನಾಲ್ಕು ವರ್ಷ ಮೈಸೂರಿನಲ್ಲಿ ಯಾವ ಮೇಜಿನ ಮೇಲೆ ಯಾವ ಕಾಗದ ಕೂತಿತ್ತು ಎಂಬುದನ್ನು ಯಾರಾದರೂ ಕನ್ನಡದಲ್ಲಿ ಬರೆದರೆ, ಅದರಲ್ಲಿ ಮಲ್ಲಿಗೆ ಒಂದು ಮೊಳ ಇಲ್ಲದಿದ್ದರೂ ನಾನು ಕೊಂಡು ಓದುತ್ತೇನೆ.