ಬ್ಯಾಟರಿಗೆ ಬೆಂಕಿ ಹಚ್ಚುವ ಪಾಠ

ಮನೆಯ ಕಂಪ್ಯೂಟರಿನಲ್ಲಿ ಕಲಿಯುವುದೆಂದರೆ ವಿಡಿಯೋ ಪಾಠ ನೋಡುವುದು ಎಂದೇ ಆಗಿಬಿಟ್ಟಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯ ಪಾಠಗಳು ಎಷ್ಟೋ ಮನೆಗಳಿಗೆ ಆಸರೆಯಾದದ್ದು ನಿಜ. ಆದರೆ ಆಪತ್ಕಾಲದ ಆ ಉಪಾಯಕ್ಕೆ ಇಂದಿಗೂ ಸಿಗುತ್ತಿರುವ ಮನ್ನಣೆ ಅತಿಯಾಯಿತು. ಹುಬ್ಬಳ್ಳಿಯ ಕೇಶ್ವಾಪುರದ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಓಮನ ನಿಯಮದ ವಿಡಿಯೋ ನೋಡುತ್ತಾರೆ, ನೋಟ್ಸ್ ಬರೆದುಕೊಳ್ಳುತ್ತಾರೆ. ತಪ್ಪು ಮಾಡಿ ನೋಡುವ ಅವಕಾಶ ಮಾತ್ರ ಅಲ್ಲಿಲ್ಲ.

ಆ ಅವಕಾಶ ಕೊಡುವುದು ‘ಫೆಟ್’. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ, ಕಂಪ್ಯೂಟರ್ ಪರದೆಯ ಮೇಲೆಯೇ ಮಾಡುವ ಈ ಪ್ರಯೋಗಗಳು ಉಚಿತ. ಹಲವು ಕನ್ನಡದಲ್ಲೂ ಇವೆ. ನಮ್ಮಲ್ಲಿ ಇವುಗಳ ಸುದ್ದಿ ಎತ್ತುವವರೇ ಕಡಿಮೆ.

ವಿದ್ಯುನ್ಮಂಡಲ ಕಟ್ಟುವ ಪ್ರಯೋಗವೊಂದನ್ನೇ ನೋಡಿ. 9 ವೋಲ್ಟಿನ ಬ್ಯಾಟರಿ, 10 ಓಮಿನ ಬಲ್ಬು. ತಂತಿ ಎಳೆದು ಜೋಡಿಸುವ ಕೆಲಸ ಮಗುವಿನದು. ಮಂಡಲ ಪೂರ್ಣವಾಗುವವರೆಗೆ ಒಂದು ಎಲೆಕ್ಟ್ರಾನೂ ಕದಲುವುದಿಲ್ಲ. ಪೂರ್ಣವಾದರೆ ಅಮ್ಮೀಟರು 0.90 ಆಂಪಿಯರ್ ತೋರಿಸುತ್ತದೆ. ಸರಣಿಯಲ್ಲಿ ಇನ್ನೊಂದು ಬಲ್ಬು ಸೇರಿಸಿದರೆ 0.45, ಬೆಳಕೂ ಮಂಕು. ಇಷ್ಟನ್ನು ವಿಡಿಯೋ ಕೂಡ ಹೇಳೀತು. ಆದರೆ ಬ್ಯಾಟರಿಯ ಎರಡೂ ತುದಿಗೆ ಬರೀ ತಂತಿ ಕಟ್ಟಿದರೆ ಬ್ಯಾಟರಿ ಧಗ್ಗನೆ ಹೊತ್ತಿಕೊಳ್ಳುತ್ತದೆ. ಮಕ್ಕಳು ಬೇಕೆಂದೇ ಹೊತ್ತಿಸುತ್ತಾರೆ, ಖುಷಿಪಡುತ್ತಾರೆ. ಆಮೇಲೆ ಆರಿಸಲು ಪಕ್ಕದಲ್ಲೊಂದು ಬಲ್ಬು ಜೋಡಿಸುತ್ತಾರೆ, ಬೆಂಕಿ ಆರುವುದಿಲ್ಲ. ಇನ್ನೊಂದು ಜೋಡಿಸಿದರೂ ಅಷ್ಟೇ. ಆ ಬರೀ ತಂತಿಯನ್ನು ಕಿತ್ತಾಗಲೇ ಆರುವುದು. ರೋಧ ಎಲ್ಲೋ ಒಂದೆಡೆ ಇದ್ದರೆ ಸಾಲದು, ಪ್ರವಾಹಕ್ಕೆ ರೋಧವಿಲ್ಲದ ಬೇರೆ ದಾರಿ ಉಳಿದಿರಬಾರದು ಎಂಬುದು ಆಗ ಮನಸ್ಸಿಗೆ ಇಳಿಯುತ್ತದೆ.

ಕೊರತೆಯೂ ಇದೆ. ಪರದೆಯ ಮೇಲೆ ಎಲೆಕ್ಟ್ರಾನುಗಳು ಓಡುತ್ತವೆ. ನಿಜವಾದ ತಂತಿಯಲ್ಲಿ ಅವು ಸರಿಯುವ ವೇಗ ಬಸವನಹುಳುವಿನದಕ್ಕಿಂತ ಕಡಿಮೆ. ಅದನ್ನು ಮೇಷ್ಟ್ರು ಹೇಳಿಕೊಡಬೇಕು.

ನನ್ನ ತಕರಾರು ಇರುವುದು ಕಂಪ್ಯೂಟರ್ ಬಳಕೆಯನ್ನು ಕಲಿಕೆಗೆ ಇಷ್ಟು ತಾಸು, ಮನರಂಜನೆಗೆ ಇಷ್ಟು ತಾಸು ಎಂದು ಪಾಲು ಮಾಡುವ ಶಿಕ್ಷಣ ವಿಮರ್ಶಕರ ಜೊತೆ. ಬ್ಯಾಟರಿಗೆ ಬೆಂಕಿ ಹಚ್ಚಿದ ಆ ಹೊತ್ತನ್ನು ಅವರು ಯಾವ ಖಾತೆಗೆ ಹಾಕುತ್ತಾರೆ? ಅವರ ಮಾತು ಕೇಳಿದ ತಾಯಂದಿರು “ಆಟ ಸಾಕು, ಅಭ್ಯಾಸಕ್ಕ ಕುಂಡ್ರು” ಎಂದು ಮಗುವನ್ನು ಮತ್ತೆ ವಿಡಿಯೋ ಮುಂದೆ ಕೂರಿಸುತ್ತಾರೆ. ಅಭ್ಯಾಸ ನಿಲ್ಲುವುದೇ ಅಲ್ಲಿ. ನಿಜವಾದ ತಂತಿ ಮುಟ್ಟದ ಕಲಿಕೆ ಪೊಳ್ಳು ಎನ್ನುವವರೂ ಇದ್ದಾರೆ. ಟಾರ್ಚಿನ ಸೆಲ್ಲು, ಬಲ್ಬು ಮಕ್ಕಳ ಕೈಗೆ ಬರಲೇಬೇಕು, ಒಪ್ಪುತ್ತೇನೆ. ಆದರೆ ಶಾರ್ಟ್ ಸರ್ಕ್ಯೂಟನ್ನು ಹತ್ತು ಸಲ ಮಾಡಿ ನೋಡಲು ಯಾವ ಪ್ರಯೋಗಾಲಯವೂ ಬಿಡುವುದಿಲ್ಲ. ಇಲ್ಲಿ ಬಿಡುತ್ತಾರೆ, ಅದೂ ಪುಕ್ಕಟೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಕೂಡ ಬೇಕಿಲ್ಲ.