ಬಂಗು, ಬಣ್ಣ ಮತ್ತು ಒಂದು ಸಣ್ಣ ಟ್ಯೂಬು

ವಳಕಮದಿನ್ನಿಯಂಥ ಹಳ್ಳಿಯ ಹೆಣ್ಣುಮಕ್ಕಳಿಗೆ ಚರ್ಮವೈದ್ಯರು ದೂರ, ಮೆಡಿಕಲ್ ಅಂಗಡಿ ಹತ್ತಿರ. ಸಿಂಧನೂರಿಗೋ ಮಸ್ಕಿಗೋ ಲಿಂಗಸುಗೂರಿಗೋ ಸಂತೆಗೆ ಹೋದವರು ಜ್ವರದ ಗುಳಿಗೆಯ ಜೊತೆಗೆ “ಮುಖಕ್ಕ ಹಚ್ಚೋದು ಕೊಡ್ರಿ” ಎಂದು ಕೇಳಿ ಒಂದು ಸಣ್ಣ ಟ್ಯೂಬು ತರುತ್ತಾರೆ. ಮದುವೆ ಗೊತ್ತಾದ ಮಗಳ ಬಣ್ಣ ತಿಳಿಯಾಗಲೆಂದು ತಂದದ್ದು ಕೆಲವೇ ದಿನಗಳಲ್ಲಿ ತಾಯಿಯ ಕೈಗೂ ಬರುತ್ತದೆ. ನಲವತ್ತೈದು ದಾಟಿದ ಆಕೆಗೆ ಕೆನ್ನೆಯ ಮೇಲೆ ಬಂಗು, ಕಣ್ಣಂಚಿನಲ್ಲಿ ಗೆರೆ, ಸಾಬೂನು ತಾಗಿದರೆ ಉರಿಯುವ ಒಣ ಚರ್ಮ. ಮೊದಲ ಹದಿನೈದು ದಿನ ಇಬ್ಬರ ಮುಖವೂ ಹೊಳೆಯುತ್ತದೆ. ನಾವು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಹೊಳಪನ್ನು.

ಇಂಥ ಟ್ಯೂಬುಗಳಲ್ಲಿ ಬಹುತೇಕ ಕಡೆ ಕಾಣುವುದು ಇಂಗ್ಲಿಷಿನ ಸಣ್ಣ ಅಕ್ಷರಗಳ ಮೂರು ಹೆಸರು: ಹೈಡ್ರೋಕ್ವಿನೋನ್ ಶೇ. 2, ಟ್ರೆಟಿನಾಯಿನ್ ಶೇ. 0.025, ಮೊಮೆಟಸೋನ್ ಶೇ. 0.1. ಮೊದಲನೆಯದು ಚರ್ಮದಲ್ಲಿ ಬಣ್ಣ ಹುಟ್ಟುವುದನ್ನು ತಡೆಯುತ್ತದೆ. ಎರಡನೆಯದು ಎ ಜೀವಸತ್ವದಿಂದ ಬಂದ ರೆಟಿನಾಯ್ಡ್. ಹಳೆಯ ಪದರವನ್ನು ಬೇಗ ಉದುರಿಸಿ ಹೊಸದನ್ನು ಮೇಲೆ ತರುತ್ತದೆ. ಮೂರನೆಯದು ಸ್ಟಿರಾಯ್ಡ್. ಗುಟ್ಟು ಇರುವುದು ಈ ಮೂರನೆಯದರಲ್ಲಿ. ಟ್ರೆಟಿನಾಯಿನ್ ಒಂದನ್ನೇ ಹಚ್ಚಿದರೆ ಮೊದಲ ವಾರಗಳಲ್ಲಿ ಉರಿ, ಕೆಂಪು, ಸಿಪ್ಪೆ ಏಳುವುದು ಸಾಮಾನ್ಯ. “ಸಾಕು, ಕಡಿಮೆ ಮಾಡು” ಎಂದು ಚರ್ಮ ಹೇಳುವ ಮಾತದು. ಸ್ಟಿರಾಯ್ಡ್ ಆ ಬಾಯಿಯನ್ನು ಮುಚ್ಚಿಸುತ್ತದೆ. ಮುಖ ನುಣುಪಾಗುತ್ತದೆ, ಬೆಳ್ಳಗೆ ಕಾಣುತ್ತದೆ, ಹಚ್ಚಿದವರು ಹಿಗ್ಗುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಎಳೆಎಳೆಯಾಗಿ ರಕ್ತನಾಳಗಳು ಕಾಣತೊಡಗುತ್ತವೆ. ಮೊಡವೆ ಏಳುತ್ತವೆ, ಬೇಡದ ಕಡೆ ಕೂದಲು ಬೆಳೆಯುತ್ತದೆ. ನಿಲ್ಲಿಸಿದರೋ ಮುಖ ಕೆಂಡವಾಗುತ್ತದೆ. ಹೆದರಿ ಮತ್ತೆ ಅದೇ ಟ್ಯೂಬಿಗೆ ಕೈ ಹಾಕುತ್ತಾರೆ.

ಬಂಗಿಗೆ ವೈದ್ಯರು ಕೆಲವು ವಾರಗಳ ಮಟ್ಟಿಗೆ ಇದೇ ಮಿಶ್ರಣ ಬರೆದುಕೊಡುವುದುಂಟು, ಅದರಲ್ಲಿ ತಪ್ಪಿಲ್ಲ. ಔಷಧಿಯನ್ನು ಸ್ನೋ-ಪೌಡರಿನ ಸಾಲಿನಲ್ಲಿಟ್ಟು ಮಾರುವುದು ತಪ್ಪು. 2011ರಲ್ಲಿ ಪ್ರಕಟವಾದ, ದೇಶದ ಹಲವು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ಮುಖದ ಚರ್ಮದ ತೊಂದರೆಗೆಂದು ಬಂದ 2,926 ಜನರ ಪೈಕಿ 433 ಮಂದಿ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಹೇಳಿದವರು ವೈದ್ಯರಲ್ಲ. ಚರ್ಮವೈದ್ಯರ ಸಂಘಟನೆಯ ಒತ್ತಾಯದ ನಂತರ 2018ರಲ್ಲಿ ಸರಕಾರ ಹದಿನಾಲ್ಕು ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕಾನೂನು ದಿಲ್ಲಿಯಿಂದ ಹೊರಟಿತು; ಹಳ್ಳಿಯ ಗಿರಾಕಿಯಿಂದ ಚೀಟಿ ಕೇಳುವ ಅಂಗಡಿ ಎಷ್ಟಿವೆ ಎಂಬುದನ್ನು ಓದುಗರೇ ತಮ್ಮೂರಿನಲ್ಲಿ ನೋಡಬಹುದು.

ಈ ಮೂರರ ಕೂಟ ಎಲ್ಲಿಂದ ಬಂತು? 1975ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತವರ ಸಹೋದ್ಯೋಗಿ ಪ್ರಕಟಿಸಿದ ಸೂತ್ರ ಇದರ ಮೂಲ. ಕರಿಯ ಗಂಡಸರ ಆರೋಗ್ಯವಂತ ಚರ್ಮದ ಬಣ್ಣವನ್ನು ವಾರಗಳೊಳಗೆ ತೆಗೆದುಹಾಕಿದ್ದು ಆ ಲೇಖನದ ಸಾಧನೆ. ಅದೇ ಕ್ಲಿಗ್‌ಮನ್, ಬಿಸಿಲಿಗೆ ಮುಪ್ಪಾದ ಚರ್ಮವನ್ನು ಟ್ರೆಟಿನಾಯಿನ್ ಸುಧಾರಿಸುತ್ತದೆಂದು 1986ರಲ್ಲಿ ಸಹೋದ್ಯೋಗಿಗಳೊಡನೆ ಬರೆದರು. ಇಂದಿನ ‘ಯೌವನದ ಕ್ರೀಮು’ಗಳ ವಂಶವೃಕ್ಷ ಅಲ್ಲಿಗೆ ಮುಟ್ಟುತ್ತದೆ. ಅವರ ಪ್ರಯೋಗಗಳು ಬಹುಕಾಲ ನಡೆದದ್ದು ಹೋಮ್ಸ್‌ಬರ್ಗ್ ಜೈಲಿನಲ್ಲಿ, ಬಹುಪಾಲು ಕರಿಯ ಕೈದಿಗಳ ಮೈಮೇಲೆ. ಅವು ನಿಂತದ್ದು 1974ರಲ್ಲಿ. ಫಿಲಡೆಲ್ಫಿಯಾ ನಗರ ಕ್ಷಮೆ ಕೇಳಿದ್ದು 2022ರಲ್ಲಿ. ಔಷಧಿಯ ಗುಣ ಇದರಿಂದ ಕಡಿಮೆಯಾಗುವುದಿಲ್ಲ, ನಿಜ. ಆದರೆ ಯಾರ ಚರ್ಮ ಪ್ರಯೋಗಕ್ಕೆ, ಯಾರ ಚರ್ಮ ಚೆಲುವಿಗೆ ಎಂಬ ಲೆಕ್ಕ ಆರಂಭದಲ್ಲೇ ಇತ್ತು. ಆ ಲೆಕ್ಕ ಇಂದಿಗೂ ಮುಗಿದಿಲ್ಲ.

ನಮ್ಮ ಜಾಹೀರಾತುಗಳ ಭಾಷೆಯನ್ನೇ ನೋಡಿ. 1975ರಲ್ಲೇ ಭಾರತದ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ದಶಕಗಳ ಕಾಲ ಬಿಳುಪಿಗೆ ನೌಕರಿ, ವರ ಎರಡನ್ನೂ ಗಂಟುಹಾಕಿತು. 2020ರಲ್ಲಿ ‘ಫೇರ್’ ಹೋಗಿ ‘ಗ್ಲೋ’ ಬಂತು. ಬಿಳುಪೆಂಬ ಮಾತಿಗೆ ನಾಚಿಕೆ ಬಂದ ಮೇಲೆ ಮಾರುಕಟ್ಟೆ ವಯಸ್ಸನ್ನು ಹಿಡಿದುಕೊಂಡಿದೆ: ಮುಪ್ಪಿನ ವಿರುದ್ಧ ಹೋರಾಟ, ಗೆರೆಗಳ ಮೇಲೆ ದಾಳಿ. ಮುಖವೇನು ರಣರಂಗವೇ? ಎರೆ ಹೊಲ ಕಪ್ಪಿದ್ದಷ್ಟೂ ಬೆಲೆ ಹೆಚ್ಚೆನ್ನುವ ಸೀಮೆ ನಮ್ಮದು. ಆ ಹೊಲದಲ್ಲಿ ದುಡಿದವಳ ಮುಖಕ್ಕೆ ಮಾತ್ರ ಈ ನ್ಯಾಯ ಅನ್ವಯಿಸುವುದಿಲ್ಲ.

ಕನ್ನಡ ಪತ್ರಿಕೆಗಳ ಮಹಿಳಾ ಪುಟಗಳೂ ಈ ವಿಷಯದಲ್ಲಿ ಸುಮ್ಮನಿಲ್ಲ. ಮುಖಕ್ಕೆ ನಿಂಬೆರಸ ಹಚ್ಚಿ ಎನ್ನುವ ಸಲಹೆ ವರ್ಷಕ್ಕೆ ಹತ್ತು ಸಲ ಅಚ್ಚಾಗುತ್ತದೆ. ನಿಂಬೆಯ ಹುಳಿ ಮುಖಕ್ಕೆ ಬಲು ತೀಕ್ಷ್ಣ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಇರುವುದು ನಿಜ. ಎಷ್ಟು ಎಂಬುದು ಗಡಿಗೆಯಿಂದ ಗಡಿಗೆಗೆ ಬೇರೆ.

ಹಾಗಾದರೆ ಒಣಗಿದ, ಬೇಗ ಉರಿಯುವ, ವಯಸ್ಸಾದ ಚರ್ಮಕ್ಕೆ ಯಾವುದು? ಜೋರಿನದನ್ನೇ ಒಳ್ಳೆಯದೆಂದು ನಂಬುವುದು ಮೊದಲು ಬಿಡಬೇಕು. ನಮ್ಮಂಥ ಕಂದು ಚರ್ಮ ಉರಿದರೆ ಉರಿದ ಜಾಗ ಕಪ್ಪಾಗುತ್ತದೆ, ಆ ಕಪ್ಪು ತಿಂಗಳುಗಟ್ಟಲೆ ಹೋಗುವುದಿಲ್ಲ. ಬಂಗು ಕಳೆಯಲೆಂದು ಹಚ್ಚಿದ್ದೇ ಬಂಗನ್ನು ಹೆಚ್ಚಿಸಿದಂತೆ. ಸತ್ತ ಪದರ ತೆಗೆಯುವ ಆಮ್ಲಗಳಲ್ಲಿ ಕಬ್ಬಿನಲ್ಲಿಯೂ ಇರುವ ಗ್ಲೈಕೋಲಿಕ್‌ನ ಅಣು ಅತಿ ಚಿಕ್ಕದು, ಒಳಗೆ ಬೇಗ ಇಳಿಯುತ್ತದೆ, ಉರಿಯೂ ಹೆಚ್ಚು. ಲ್ಯಾಕ್ಟಿಕ್, ಮ್ಯಾಂಡೆಲಿಕ್ ಅದಕ್ಕಿಂತ ಸೌಮ್ಯ. ಗ್ಲುಕೊನೊಲ್ಯಾಕ್ಟೋನ್ ಇನ್ನೂ ಸೌಮ್ಯ, ತೇವವನ್ನೂ ಹಿಡಿಯುತ್ತದೆ. ಸ್ಯಾಲಿಸಿಲಿಕ್ ಎಣ್ಣೆ ಚರ್ಮದ ಹುಡುಗರ ಮೊಡವೆಗೆ ಸರಿ; ಒಣ ಚರ್ಮಕ್ಕೆ ಅಷ್ಟು ಹೊಂದುವುದಿಲ್ಲ. ರೆಟಿನಾಯ್ಡ್‌ಗಳಲ್ಲಿ ರೆಟಿನಾಲ್ ನಿಧಾನದ್ದು, ಚರ್ಮವೇ ಅದನ್ನು ಎರಡು ಹಂತದಲ್ಲಿ ಮಾರ್ಪಡಿಸಿಕೊಳ್ಳಬೇಕು. ಟ್ರೆಟಿನಾಯಿನ್ ನೇರವಾಗಿ ಕೆಲಸ ಮಾಡುವುದರಿಂದ ವೈದ್ಯರ ಮಾತಿಲ್ಲದೆ ಬೇಡ. ಆಮ್ಲ, ರೆಟಿನಾಯ್ಡ್ ಎರಡನ್ನೂ ಒಟ್ಟಿಗೆ ಶುರುಮಾಡುವುದಂತೂ ಬೇಡವೇ ಬೇಡ.

ನಮ್ಮನ್ನು ಕೇಳಿದರೆ ಒಂದನ್ನು ಆರಿಸಿ, ವಾರಕ್ಕೆ ಎರಡು ರಾತ್ರಿ, ಬಟಾಣಿ ಕಾಳಿನಷ್ಟು, ಮೊದಲು ತೇವದ ಕ್ರೀಮು ಹಚ್ಚಿ ಅದರ ಮೇಲೆ. ಗೆರೆಗಳಿಗೆ ರೆಟಿನಾಯ್ಡ್‌ನ ಫಲ ಕಾಣಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಹದಿನೈದು ದಿನದಲ್ಲಿ ಬದಲಾವಣೆ ಎಂದವರನ್ನು ಅನುಮಾನಿಸಬೇಕು. ಬಸುರಿಯರು, ಬಸುರಾಗುವ ಯೋಚನೆಯಲ್ಲಿರುವವರು ರೆಟಿನಾಯ್ಡ್ ಮುಟ್ಟಬಾರದು. ಮದುವೆಗೆಂದು ಶುರುಮಾಡಿದ ಟ್ಯೂಬು ಮದುವೆಯ ನಂತರವೂ ಮುಂದುವರಿಯುವುದರಿಂದ ಈ ಮಾತನ್ನು ಸೊಸೆಯಂದಿರಿಗೆ ಬಿಡಿಸಿ ಹೇಳುವುದು ಅಗತ್ಯ. ಐದು ಹೊತ್ತು ವುಝೂ ಮಾಡುವವರು ಇಶಾ ನಮಾಜಿನ ನಂತರ, ಮುಖ ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಫಜ್ರ್ ತನಕ ಅದು ಉಳಿಯುತ್ತದೆ. ಪ್ರತಿ ವುಝೂ ನಂತರ ಮುಖವನ್ನು ಉಜ್ಜದೆ ಒತ್ತಿ ಒರೆಸಿ ಸ್ವಲ್ಪ ತೇವದ ಕ್ರೀಮೋ ವ್ಯಾಸಲೀನೋ ಸವರಿಕೊಳ್ಳುವುದು ಒಳ್ಳೆಯದು.

ಬಿಸಿಲಿನ ಮಾತು ಉಳಿಯಿತು; ಎಲ್ಲಕ್ಕಿಂತ ದೊಡ್ಡದು ಅದೇ. ಮುಖದ ಗೆರೆ, ಕಲೆಗಳಲ್ಲಿ ವಯಸ್ಸಿಗಿಂತ ಬಿಸಿಲಿನ ಪಾಲು ಹೆಚ್ಚು. ಬೆಳಗಿನಿಂದ ಸಂಜೆವರೆಗೆ ನೆಲ್ಲು ನಾಟಿಗೆ ಬಾಗಿದವಳಿಗೆ ಮೇಲಿನ ಬಿಸಿಲೂ ಬೀಳುತ್ತದೆ, ಮಡಿಯ ನೀರಿನಿಂದ ಚಿಮ್ಮುವ ಬೆಳಕೂ ಬೀಳುತ್ತದೆ. ಆಕೆಗೆ ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ ಎನ್ನುವುದು ಹಾಸ್ಯವಾದೀತು. ರೆಟಿನಾಯ್ಡ್, ಆಮ್ಲ ಎರಡೂ ಚರ್ಮವನ್ನು ಬಿಸಿಲಿಗೆ ಇನ್ನಷ್ಟು ನಾಜೂಕಾಗಿಸುತ್ತವೆ. ಆದ್ದರಿಂದ ದಿನವಿಡೀ ಹೊಲದಲ್ಲಿರುವವರಿಗೆ ಇವೆರಡೂ ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ಹಣೆಗೆ ಇಳಿಸಿಕೊಂಡ ಸೆರಗು, ಅಂಚಿನ ಟೊಪ್ಪಿಗೆ, ತುಂಬುತೋಳಿನ ಅಂಗಿ ಇವೇ ಆಕೆಯ ನಿಜವಾದ ಔಷಧಿ. ಜಾಹೀರಾತು ಇದನ್ನು ಹೇಳುವುದಿಲ್ಲ. ಸೆರಗನ್ನು ಟ್ಯೂಬಿನಲ್ಲಿ ತುಂಬಿ ಮಾರಲು ಬರುವುದಿಲ್ಲವಲ್ಲ.

ಮೂರು ಹೆಸರಿನ ಆ ಟ್ಯೂಬನ್ನು ಈಗಾಗಲೇ ತಿಂಗಳುಗಳಿಂದ ಹಚ್ಚುತ್ತಿರುವವರು ಗಾಬರಿಯಿಂದ ಒಮ್ಮೆಗೇ ಎಸೆದರೆ ಮುಖ ಉರಿಯುತ್ತದೆ, ಮೊದಲೇ ಹೇಳಿದಂತೆ. ತಾಲೂಕು ಆಸ್ಪತ್ರೆಗೋ ರಾಯಚೂರಿನ ರಿಮ್ಸ್‌ಗೋ ಹೋಗಿ ಚರ್ಮದ ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಹಂತಹಂತವಾಗಿ ಬಿಡಬೇಕು. ಹೋಗುವಾಗ ಟ್ಯೂಬನ್ನೂ ಜೊತೆಗೆ ಒಯ್ಯಿರಿ, ಖಾಲಿಯಾಗಿದ್ದರೂ ಸರಿ. ನಮಗೆ ಓದಲು ಬಾರದ ಆ ಸಣ್ಣ ಅಕ್ಷರಗಳನ್ನು ಅವರು ಓದುತ್ತಾರೆ.